ಹೆಸರಿಲ್ಲದ ಬಟನ್

“ನೀವು ಕೂತಿರಿ ಅತ್ತಿಗೆ, ಎರಡು ನಿಮಿಷದಲ್ಲಿ ನಾನೇ ತುಂಬಿಬಿಡ್ತೀನಿ,” ಎನ್ನುತ್ತ ಮೈದುನ ಫೋನಿಗೆ ಕೈ ಹಾಕಿದ. ಆಕೆ ಅದನ್ನು ಎದೆಗೆ ಅವಚಿಕೊಂಡಳು.

“ಬೇಡಪ್ಪ. ನಿಮ್ಮಣ್ಣನ ಅರ್ಜಿ. ನಾನೇ ತುಂಬ್ತೀನಿ.”

ಹೊರಗೆ ಶವದ ವ್ಯಾನು ಬಂದು ಅರ್ಧ ಗಂಟೆಯಾಗಿತ್ತು. ಮರಣ ನೋಂದಣಿಯ ಅರ್ಜಿ ಹೋಗದೆ ಅನುಮತಿ ಚೀಟಿ ಬರುವುದಿಲ್ಲ, ಚೀಟಿ ಇಲ್ಲದೆ ಸ್ಮಶಾನದವರು ಗೇಟು ತೆಗೆಯುವುದಿಲ್ಲ. ಕಣ್ಣು ಕಾಣದವಳ ಹಟಕ್ಕೆ ಊರೆಲ್ಲ ಕಾಯಬೇಕೇ ಎಂದು ಯಾರೋ ಗೊಣಗಿದರು. ಕೇಳಿಸಿದರೂ ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಲಗಿಸಿದ್ದ ಗಂಡನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಅಳು, ಪಿಸುಮಾತು, ಚಪ್ಪಲಿಗಳ ಸದ್ದು ಎಲ್ಲ ಜೊಂಪಿನಲ್ಲಿ ಕೇಳಿದ ಹಾಗೆ ದೂರ ಸರಿದವು. ಪರದೆಯ ಮೇಲೆ ಬೆರಳು ಸವರಿದಂತೆ ಫೋನಿನ ದನಿ ಒಂದೊಂದೇ ಪ್ರಶ್ನೆ ಓದಿತು. ಮೃತರ ಹೆಸರೇನು? ಅವರು ನಿಮಗೆ ಏನಾಗಬೇಕು? ಪ್ರಶ್ನೆಗಳಿಗೆ ಗಂಡನದೇ ಮಾತಿನ ಧಾಟಿಯಿತ್ತು. ಬರೆದವರು ಅವರೇ ಅಲ್ಲವೇ. ತಮ್ಮ ಸಾವಿನ ವಿಚಾರವನ್ನು ಅವರೇ ಮೆಲ್ಲಗೆ ಕೇಳುತ್ತಿದ್ದಾರೆ, ತಾನು ಹೇಳುತ್ತಿದ್ದೇನೆ ಅನ್ನಿಸಿತು. ಅಲ್ಲಿಂದ ಎದ್ದು ಬರಲು ಮನಸ್ಸೇ ಆಗಲಿಲ್ಲ.

ಕೊನೆಗೆ ದನಿ “ಬಟನ್” ಎಂದಿತು. ಏನು ಬಟನ್? ಮತ್ತೆ ಸವರಿದಳು. ಪಕ್ಕದ್ದೂ “ಬಟನ್.” ಒಂದು ಅರ್ಜಿ ಕಳಿಸುವುದು, ಇನ್ನೊಂದು ಎಲ್ಲವನ್ನೂ ಅಳಿಸುವುದು ಇರಬೇಕು. ಯಾವುದು ಯಾವುದೆಂದು ತಿಳಿಯದೆ ಬೆರಳನ್ನು ಹಿಂದಕ್ಕೆ ತೆಗೆದಳು.

*

ಜನ ಫೋನಿನಲ್ಲಿ ತುಂಬುವ ಸರ್ಕಾರಿ ಅರ್ಜಿಗಳನ್ನು ರೂಪಿಸುವುದು ಗಂಡನ ಕೆಲಸವಾಗಿತ್ತು. ಕಚೇರಿಯಲ್ಲಿ ಮೊಂಡ ಮೇಷ್ಟ್ರು ಎಂದೇ ಹೆಸರಾಗಿದ್ದರು. ಯಾವ ಅರ್ಜಿಯಾದರೂ ಮೊದಲು ಮನೆಗೆ ಬರಬೇಕು, ಹೆಂಡತಿ ಯಾರನ್ನೂ ಕೇಳದೆ ತುಂಬಿ ಕಳಿಸಬೇಕು, ಆಮೇಲೇ ಊರಿಗೆ. ಮೇಲಧಿಕಾರಿ ಜಪ್ಪಯ್ಯ ಅಂದರೂ ಜಗ್ಗುತ್ತಿರಲಿಲ್ಲ. ಎಲ್ಲಾದರೂ ಸಿಕ್ಕಿಹಾಕಿಕೊಂಡು ಆಕೆ ಬೈದರೆ, ಚೆನ್ನಾಗಿ ಬೈಯಿ ಎಂದು ನಗುತ್ತ ಬರೆದುಕೊಳ್ಳುತ್ತಿದ್ದರು.

ಒಂದು ಬಟನ್ ತಾನೇ, ಯಾರಾದರೂ ಒತ್ತಿಕೊಡುತ್ತಾರೆ ಬಿಡಿ ಎಂದು ಒಮ್ಮೆ ಆಕೆಯೇ ರೇಗಿದ್ದಳು.

“ನಾನಿಲ್ಲದ ದಿನ ನೀನು ಯಾರ ಮುಂದೂ ಕೈ ಚಾಚಬಾರದು ಕಣೇ,” ಅಂದಿದ್ದರು ಅವರು.

*

ಇವರು ಹೋಗಿ ಒಂದು ದಿನವೂ ಆಗಿಲ್ಲ, ಆಗಲೇ ಕೈ ಚಾಚಬೇಕೇ ಎಂದು ಆಕೆಗೆ ಅಳು ಒತ್ತರಿಸಿ ಬಂತು. ಏನಾಯ್ತಮ್ಮ ಎನ್ನುತ್ತ ಪಕ್ಕಕ್ಕೆ ಬಂದವಳು ಕಚೇರಿಯ ಹುಡುಗಿ, ಅವರ ಕೈಕೆಳಗೆ ಕೆಲಸ ಕಲಿತವಳು. ಆಕೆ ಇಯರ್‌ಫೋನ್ ಕೊಟ್ಟಳು. ಹುಡುಗಿ ಎರಡೂ ಬಟನ್‌ಗಳನ್ನು ಸವರಿ ಕೇಳಿದಳು. ಆಮೇಲೆ ತಡವರಿಸುತ್ತ ಹೇಳಿದಳು: ಸರ್ ನಿವೃತ್ತರಾದ ಮೇಲೆ, ಚೆಂದ ಕಾಣಲಿ ಎಂದು ತಾನೇ ಬಟನ್ ಮೇಲಿನ ಅಕ್ಷರ ತೆಗೆದು ಚಿತ್ರ ಹಾಕಿದ್ದಳಂತೆ. ಫೋನು ಓದಲಿಕ್ಕೆ ಚಿತ್ರಕ್ಕೊಂದು ಹೆಸರು ಕೊಡುವುದನ್ನು ಮರೆತಿದ್ದಳಂತೆ. ಈ ಮನೆಗೆ ತಂದು ತೋರಿಸಿರಲಿಲ್ಲ.

“ಬಲಗಡೇದು ಒತ್ತಿಬಿಡಿ ಅಮ್ಮ, ಹೋಗುತ್ತೆ.”

“ಇಲ್ಲಿ ನೀನಿದ್ದೀಯ, ಹೇಳಿದೆ,” ಎಂದಳು ಆಕೆ ಮೆತ್ತಗೆ. “ಬೇರೆಯವರ ಮನೇಲಿ ಯಾರಮ್ಮ ಹೇಳ್ತಾರೆ?”

ಬ್ಯಾಗಿನ ಜಿಪ್ಪು ತೆಗೆದ ಸದ್ದಾಯಿತು, ಹಿಂದೆಯೇ ಲ್ಯಾಪ್‌ಟಾಪಿನ ಕೀಲಿಗಳ ಟಕಟಕ. ಹುಡುಗಿ ಅಲ್ಲೇ ಕೂತು ಬಟನ್‌ಗಳಿಗೆ ಹೆಸರು ಕೊಡತೊಡಗಿದ್ದಳು. ಮೈದುನ ನಿಟ್ಟುಸಿರು ಬಿಟ್ಟು, ಇನ್ನೂ ಸ್ವಲ್ಪ ಹೊತ್ತಾಗುತ್ತದೆ ಎಂದು ಡ್ರೈವರ್‌ಗೆ ಹೇಳಲು ಹೊರಗೆ ಹೋದ.

ಕಾಲು ಗಂಟೆಯ ಮೇಲೆ ಹುಡುಗಿ, ಈಗ ನೋಡಿ ಎಂದಳು. ಆಕೆ ಒಂದು ಇಯರ್‌ಫೋನನ್ನು ತನ್ನ ಕಿವಿಗೆ ಇಟ್ಟುಕೊಂಡಳು. ಇನ್ನೊಂದನ್ನು, ತಡಕಿ, ಗಂಡನ ತಣ್ಣಗಿನ ಕಿವಿಗೆ ಸಿಕ್ಕಿಸಿದಳು. ಅವರತ್ತ ಬಾಗಿ ಪರದೆ ಸವರಿದಳು.

“ಅರ್ಜಿ ಕಳಿಸಿ. ಬಟನ್,” ಎಂದಿತು ದನಿ.

ಒತ್ತುವ ಮೊದಲು ಆಕೆ ಇನ್ನೊಮ್ಮೆ ಸವರಿದಳು, ಅವರಿಗೆ ಕೇಳಲಿ ಎಂದು.