ಕೆಂದಿಯ ಹೊಟ್ಟೆಯಲ್ಲಿ ನೊರೆ

ನಮ್ಮ ನನ್ನಿವಾಳದ ಕ್ಯಾತಮ್ಮನಿಗೆ ಹಸು ಅಂದರೆ ಪ್ರಾಣ. ಪ್ರೀತಿ ಹೆಚ್ಚಾದರೂ ಕಷ್ಟವೇ ನೋಡಿ! ವರ್ಷವಿಡೀ ಒಣಹುಲ್ಲು ತಿಂದ ತನ್ನ ಹಸು ಕೆಂದಿ, ಕರು ಹಾಕಿತು ಅಂತ, ಕುದುರೆ ಮಸಾಲೆ ಎಂಬ ಹಸಿ ಮೇವಿನ ಸೊಪ್ಪನ್ನು ಇಬ್ಬನಿ ಆರುವ ಮುಂಚೆಯೇ ಕೊಯ್ದು ತಂದು, ಖಾಲಿ ಹೊಟ್ಟೆಗೆ ಒಂದು ಹೊರೆ ಸುರಿದಳು. ಬಿಸಿಲೇರುವಷ್ಟರಲ್ಲಿ ಹಸುವಿನ ಎಡಗಡೆ ಹೊಟ್ಟೆ ಉಬ್ಬಿ ನಗಾರಿಯಾಯಿತು. ನಾಲಿಗೆ ಚಾಚಿ ಏದುಸಿರು ಬಿಡತೊಡಗಿತು. ಕಟ್ಟಿದ ಕರು ಅರಚುತ್ತಿತ್ತು. ಕ್ಯಾತಮ್ಮ ಹೋ ಎಂದು ಅತ್ತಳು.

ಗಂಡ ಓಬಳಪ್ಪ ದಬ್ಬಣ ಹಿಡಿದು ಬಂದ. "ಗ್ಯಾಸು ಕಣೇ. ಒಂದು ತೂತು ಹಾಕಿದ್ರೆ ಬುಸ್ ಅಂತ ಹೋಗ್ತೈತೆ. ನಮ್ಮಪ್ಪನೂ ಹಿಂಗೇ ಮಾಡ್ತಿದ್ದ."

"ಮಾವ, ತಡೀರಿ!" ಊರ ದನಕರುಗಳ ಆರೋಗ್ಯ ನೋಡುವ ಪಶು ಸಖಿ ಚಿತ್ರಾ, ಫೋನಿನಲ್ಲಿ ಪಶು ವೈದ್ಯರ ಜೊತೆ ಮಾತಾಡುತ್ತಲೇ ಓಡಿ ಬಂದಳು. "ಹಸಿ ಸೊಪ್ಪು ತಿಂದೈತಲ್ಲ, ಇದು ಬರೀ ಗ್ಯಾಸಲ್ಲ, ನೊರೆ. ಗ್ಯಾಸು ಸಣ್ಣ ಸಣ್ಣ ಗುಳ್ಳೆಯೊಳಗೆ ಸಿಕ್ಕೊಂಡೈತೆ. ಚುಚ್ಚಿದ್ರೆ ಆ ತೂತಿಗೂ ನೊರೆನೇ ಅಡ್ಡ ಕೂರ್ತೈತೆ, ಮೇಲೆ ಗಾಯ ಬೇರೆ. ಡಾಕ್ಟ್ರು ಎಣ್ಣೆ ಕುಡಿಸಿ ಅಂದವ್ರೆ."

"ಉಬ್ಬಿದ ಹೊಟ್ಟೆಗೆ ಎಣ್ಣೆಯಾ? ಚೆನ್ನಾಗಿ ಹೇಳ್ದೆ ಬಿಡವ್ವ!"

ಕ್ಯಾತಮ್ಮ ತಟ್ಟನೆ ಕಣ್ಣೊರೆಸಿಕೊಂಡಳು. "ರೀ, ಬೇಳೆ ನೊರೆ ಉಕ್ಕಿ ಒಲೆಗೆ ಸುರೀದಂಗೆ ನಾನೇನು ಹಾಕ್ತೀನಿ? ಒಂದು ತೊಟ್ಟು ಎಣ್ಣೆ ತಾನೆ? ಪಾತ್ರೆಗೆ ತೂತು ಹೊಡೀತೀನಾ?"

ಓಬಳಪ್ಪ ದಬ್ಬಣ ಕೆಳಗಿಟ್ಟ.

"ಅದೇ ಅತ್ತೆ," ಅಂದಳು ಚಿತ್ರಾ. "ಎಣ್ಣೆ ಆ ಗುಳ್ಳೆ ಪೊರೆ ಒಡೀತೈತೆ. ಆಲೆಮನೆ ಕೊಪ್ಪರಿಗೇಲೂ, ದೊಡ್ಡ ದೊಡ್ಡ ಕಾರ್ಖಾನೇಲೂ ಉಕ್ಕೋ ನೊರೆನ ಹಿಂಗೇ ಇಳಿಸೋದು."

ಚಳ್ಳಕೆರೆ ಸೀಮೆಯಲ್ಲಿ ಕಡಲೆಕಾಯಿ ಎಣ್ಣೆಗೆ ಬರವೇ? ಡಾಕ್ಟರು ಹೇಳಿದಂತೆ ಕಾಲು ಲೀಟರ್ ಎಣ್ಣೆಯನ್ನು ತಲೆ ತೀರಾ ಎತ್ತದೆ, ನಾಲಿಗೆ ಎಳೆಯದೆ, ಗುಟುಕು ಗುಟುಕಾಗಿ ಕುಡಿಸಿದರು. ಕೆಮ್ಮಿದರೆ ನಿಲ್ಲಿಸಿದರು. ಮೆಲ್ಲಗೆ ನಡೆಸಿದರು. ಕೆಂದಿ ಉದ್ದಕ್ಕೆ ಒಂದು ತೇಗು ತೇಗಿತು, ಹಿಂದೆಯೇ ಇನ್ನೊಂದು. ಡಾಕ್ಟರು ಬಂದು ಔಷಧಿ ಕೊಡುವ ಹೊತ್ತಿಗೆ ಹೊಟ್ಟೆ ಅರ್ಧ ಇಳಿದಿತ್ತು. "ಇದನ್ನ ಹಟ್ಟಿಯೋರಿಗೆಲ್ಲ ಹೇಳಾನ ಬಾರವ್ವ, ನಾನೂ ಬರ್ತೀನಿ," ಅಂದ ಓಬಳಪ್ಪ.

ದನ ಸಾಕಿದ ಅಕ್ಕ-ಅಣ್ಣಂದಿರೇ, ಮೊದಲು ಒಣಹುಲ್ಲು ಹಾಕಿ. ಹಸಿ ಸೊಪ್ಪನ್ನು ಬಾಡಿಸಿ, ಸ್ವಲ್ಪ ಸ್ವಲ್ಪವೇ ಕೊಡಿ. ಹೊಟ್ಟೆ ಉಬ್ಬಿದರೆ ಚುಚ್ಚಬೇಡಿ. ಆ ಕ್ಷಣವೇ ಪಶು ವೈದ್ಯರಿಗೆ ಫೋನ್ ಮಾಡಿ, ಅವರು ಹೇಳಿದಷ್ಟೇ ಎಣ್ಣೆ ಕುಡಿಸಿ. ನೋಡೋಣ ಅಂತ ಕೂತಿರೋ, ಸಂಜೆ ಹಾಲು ಕರೆಯಲು ಹಸು ಇರುವುದಿಲ್ಲ.