ಮೂರನೆಯ ಅಲಗು

ನಿಜಾಮನ ಸೀಮೆಯ ಭಾತಂಬ್ರಾದ ಸಾಲಿ ಮಾಸ್ತರ ಹಾವಗೆಪ್ಪನಿಗೆ ನಲವತ್ತರ ವಯಸ್ಸಿನಲ್ಲಿ ಚಾಕು ಮಾಡುವ ಹುಚ್ಚು ಹಿಡಿಯಿತು. ರಜೆ ಬಂತೆಂದರೆ ಕಮ್ಮಾರ ಉಸ್ಮಾನ ಮಿಯಾನ ಕುಲುಮೆಯ ಮುಂದೆ ಕೂರುತ್ತಿದ್ದ. ಕಬ್ಬಿಣ ಉಜ್ಜುವ ಸವೆದ ಅರವನ್ನು ಕಾಯಿಸಿ ಬಡಿದು ಮಾಡಿದ ಮೊದಲೆರಡು ಅಲಗುಗಳು ಬಿರುಕು ಬಿಟ್ಟವು.

"ನೀರಾಗ ಅದ್ದಬ್ಯಾಡ್ರಿ ಮಾಸ್ತರ, ಎಣ್ಣಿಯಾಗ ಅದ್ದರಿ. ಅವಸರ ಮಾಡಿದ್ರ ಉಕ್ಕು ಸಿಟ್ಟಿಗೇಳ್ತದ" ಎಂದು ಉಸ್ಮಾನ ನಕ್ಕ.

ಮೂರನೆಯದು ನೆಟ್ಟಗೆ ಬಂತು. ಅದಕ್ಕೆ ಜಾಲಿ ಕಟ್ಟಿಗೆಯ ಹಿಡಿ ಕೂರಿಸಿ, ಗುರುದಕ್ಷಿಣೆಯೆಂದು ಉಸ್ಮಾನನಿಗೇ ಕೊಟ್ಟ. ಅವನ ಹೆಂಡತಿ ಶಾಕಿರಾ ಬೇಗಂ ಅದರಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು.

೧೯೪೮ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು, ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿಯಿತು. ಆ ವಾರವೇ, ನಿಜಾಮನ ಪರ ಹಿಂಸೆ ನಡೆಸಿದ್ದ ರಜಾಕಾರರ ಮೇಲಿನ ಸಿಟ್ಟಿಗೆ, ಬಂದೂಕು ಹಿಡಿದ ಕೆಲವರು ಊರಿಗೆ ನುಗ್ಗಿ, ಮುಸಲ್ಮಾನರ ಮನೆಗಳಲ್ಲಿ ಆಯುಧ ಹುಡುಕಿದರು. ಉಸ್ಮಾನನ ಅಡುಗೆಮನೆಯಲ್ಲಿ ಆ ಚಾಕು ಸಿಕ್ಕಿತು.

"ರಜಾಕಾರರಿಗಿ ಇಂಥವು ಎಷ್ಟು ಮಾಡಿ ಕೊಟ್ಟೀಯೋ?" ಎಂದು ಅವರಲ್ಲೊಬ್ಬ ಗದರಿಸಿದ.

"ಇದು ನಾ ಮಾಡಿದ್ದಲ್ಲರಿ. ಮಾಸ್ತರಿಗಿ ಕೇಳ್ರಿ" ಎಂದು ಉಸ್ಮಾನ ಹೊರಗೆ ನೆರೆದಿದ್ದ ಊರವರ ನಡುವೆ ನಿಂತ ಹಾವಗೆಪ್ಪನನ್ನು ತೋರಿಸಿದ.

ಎಲ್ಲರೂ ತಿರುಗಿ ನೋಡಿದರು. ಹಾವಗೆಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ನನಗೇನೂ ಗೊತ್ತಿಲ್ಲರಿ" ಎಂದುಬಿಟ್ಟ.

ಉಸ್ಮಾನನನ್ನು ಎಳೆದುಕೊಂಡು ಹೋದರು. ಅವನು ತಿರುಗಿ ಬರಲಿಲ್ಲ.

ತಿಂಗಳಾದ ಮೇಲೆ ಶಾಕಿರಾ ಬೀದರಿನ ತವರಿಗೆ ಹೊರಟಳು. ಹಾವಗೆಪ್ಪ ಗಾಡಿಯ ಹತ್ತಿರ ಹೋಗಿ, "ಭಾಭಿ, ಆ ದಿನ ನಾ..." ಎಂದು ತಡವರಿಸಿದ.

"ಇರಲಿ ಬಿಡ್ರಿ. ಅಂಜಿಕಿ ಎಲ್ಲಾರಿಗೂ ಇರ್ತದ" ಎಂದಳು ಆಕೆ. "ಆದ್ರ ನಮ್ಮ ಮನಿಯವರು ಓಣಿ ತಿರುಗೋತನಕ ನಿಮ್ಮ ಮಾರಿನೇ ನೋಡ್ಕೋತ ಹೋದ್ರು."

ಗಾಡಿ ಹೊರಟಿತು. ಅದು ಓಣಿ ತಿರುಗುವತನಕ ಹಾವಗೆಪ್ಪ ಅಲ್ಲೇ ನಿಂತು ನೋಡಿದ.