ಹುಳ ತಿನ್ನದ ಎಲೆ

ಬುಪ್ಫಾಳಿಗೆ ಸಿಟ್ಟು ಬಂದರೆ ಮೀನುಗಳೂ ಕಿವಿ ಮುಚ್ಚಿಕೊಳ್ಳುತ್ತವೆ ಅಂತ ನಮ್ಮೂರು ನಖೋನ್ ಪಥೋಮಿನಲ್ಲಿ ಮೀನು ಸಾಕೋರೆಲ್ಲ ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಭಾನುವಾರ ಬೆಳಿಗ್ಗೆ ನನ್ನ ಗಾಜಿನ ತೊಟ್ಟಿ ನೋಡಿದ್ದರೆ ವಿಹಾರದ ಹಿರಿಯ ಭಿಕ್ಷುವಿನ ಬಾಯಲ್ಲೂ ಒಂದು ಬೈಗುಳ ಬಂದಿರೋದು.

ಗಂಡು ಮೀನು ಮಗ್ಗುಲಾಗಿ ತೇಲ್ತಾ ಇತ್ತು. ನೀರಿನ ಮೇಲೆ ಮೊಟ್ಟೆಗಾಗಿ ಅದು ಎರಡು ದಿನ ಕೂತು ಕಟ್ಟಿದ ನೊರೆಗೂಡು ಚೆಲ್ಲಾಪಿಲ್ಲಿಯಾಗಿತ್ತು. ಮೊನ್ನೆಯಷ್ಟೇ ಮೊಟ್ಟೆ ಒಡೆದು ಬಂದ ಮರಿಗಳು ತಳದ ಕೆಸರಿನ ಮೇಲೆ ಧೂಳಿನ ಹಾಗೆ ಬಿದ್ದಿದ್ದವು. ಪಕ್ಕದ ಸಾಲಿನಲ್ಲಿ ಒಂದೊಂದು ಮೀನಿದ್ದ ಹನ್ನೊಂದು ಬಾಟಲಿಗಳಿಗೂ ತೊಟ್ಟಿಗೆ ಹಾಕಿದ ಹೊಸ ಎಲೆಯ ನೀರನ್ನೇ ಬಿಟ್ಟಿದ್ದೆ. ಹನ್ನೊಂದರಲ್ಲೂ ಹೆಣ.

ಅವು ಸಂತೆಯ ಮೀನಲ್ಲ. ನಮ್ಮಮ್ಮ ಮೂವತ್ತೊಂದು ವರ್ಷ ಜೋಡಿ ಹಾಕಿ ಹಾಕಿ ಉಳಿಸಿದ ಕಾಳಗದ ಮೀನಿನ ತಳಿ. ನೇರಳೆ ಹಣ್ಣಿನ ಬಣ್ಣದ ಮೈ, ರೆಕ್ಕೆಯ ಅಂಚಿಗೆ ಒಂದೇ ಒಂದು ಕೆಂಪು ಗೆರೆ. ಸಾಯೋ ಮುಂಚೆ ಅಮ್ಮ ಮನೆ ಬಗ್ಗೆ ಮಾತಾಡಲಿಲ್ಲ, ನನ್ನ ಬಗ್ಗೆಯೂ ಮಾತಾಡಲಿಲ್ಲ. "ತಳಿ ಕೆಡಿಸಬೇಡ" ಅಂದಳು, ಅಷ್ಟೇ. ಈಗ ಕೆಡೋದಿರಲಿ, ತಳಿಯೇ ಇಲ್ಲ.

ಎಲೆ ಹಾಕಿ ಒಂದೇ ದಿನ ಆಗಿತ್ತು. ಕಾಡುಬಾದಾಮಿ ಎಲೆ ಇಲ್ಲದೆ ನಮ್ಮ ಕಸುಬಿಲ್ಲ. ತಾನಾಗಿ ಬಿದ್ದ ಎಲೆಯನ್ನ ಆರಿಸಿ, ಒಣಗಿಸಿ ನೀರಿಗೆ ಬಿಟ್ಟರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತೆ, ಮೀನಿನ ಗಾಯ ಮಾಯುತ್ತೆ, ಎಲೆ ಕೊಳೀತಾ ಬಂದಾಗ ಅದರ ಮೇಲೆ ಹುಟ್ಟೋ ಸೂಕ್ಷ್ಮ ಹುಳಗಳನ್ನ ತಿಂದು ಮರಿ ಬದುಕುತ್ತೆ. ಆದರೆ ಎಲೆ ಮರ ಕೊಟ್ಟಿದ್ದಾಗಿರಬೇಕು. ಹಸಿರೆಲೆ ಕಿತ್ತು ಒಲೆಯ ಮೇಲೆ ಒಣಗಿಸಿ ಮಾರೋನನ್ನ ನಮ್ಮಲ್ಲಿ ಕಳ್ಳ ಅಂತಾರೆ. ನನಗೆ ಎಲೆ ತಂದುಕೊಡೋನು ತೋಂಗ್‌ಬಾಯ್, ನಮ್ಮ ಚಿಕ್ಕಮ್ಮನ ಮಗ. ನನಗಿಂತ ಹನ್ನೊಂದು ವರ್ಷ ಚಿಕ್ಕೋನು. ಚಿಕ್ಕಮ್ಮ ಬೇಗ ತೀರಿಕೊಂಡಳು, ಅವನು ನಮ್ಮಮ್ಮನ ಕೈತುತ್ತು ತಿಂದು ಬೆಳೆದ.

ಸ್ಕೂಟರ್ ಹತ್ತಿ ನೇರ ಸಂತೆಗೆ ಹೋದೆ. ಎಲೆಯ ಕಟ್ಟುಗಳನ್ನ ಮುಂದೆ ಹರಡಿಕೊಂಡು ಅಂಟಕ್ಕಿ ಅನ್ನ ತಿಂತಾ ಕೂತಿದ್ದ.

"ಲೋ ತೋಂಗ್‌ಬಾಯ್! ಏಳೋ ಮೇಲಕ್ಕೆ!"

"ಏನಕ್ಕ, ಬೆಳಿಗ್ಗೆ ಬೆಳಿಗ್ಗೆ ಹಸಿಮೆಣಸಿನಕಾಯಿ ತಿಂದು ಬಂದ್ಯಾ?"

"ಹಲ್ಲು ಕಿರೀಬೇಡ. ಅಮ್ಮನ ಮೀನೆಲ್ಲ ಸತ್ತೋಯ್ತು. ಒಂದೂ ಉಳಿದಿಲ್ಲ. ಹಸಿರೆಲೆ ಕಿತ್ತು ಒಲೆ ಮೇಲೆ ಬಾಡಿಸಿ ಕೊಟ್ಟಿದೀಯ ತಾನೇ?"

ಅವನ ಕೈಯಲ್ಲಿದ್ದ ಅನ್ನ ಕೈಯಲ್ಲೇ ಉಳೀತು. "ದೊಡ್ಡಮ್ಮನ ಮೀನಾ? ಎಲ್ಲಾನೂ?" ಅಂದ. ಆಮೇಲೆ, "ಅಕ್ಕ, ಬಿದ್ದ ಎಲೆ ಬಿಟ್ಟು ಬೇರೆ ಮುಟ್ಟಿಲ್ಲ ನಾನು. ನೀನು ಕೇಳಿದಂಥಾ ಎಲೆ ಬೇಕೂಂತ ಆ ಆರ್ಕಿಡ್ ತೋಟದ ಬೇಲಿ ತನಕ ಸೈಕಲ್ ತುಳಿದೆ. ಅಲ್ಲಿರೋ ಮರದ್ದೇ..."

"ಮುಚ್ಚೋ ಬಾಯಿ! ಉಂಡ ಮನೆ ಜಂತೆ ಎಣಿಸೋ ಕಳ್ಳ! ಅಮ್ಮ ನಿನಗೆ ಅನ್ನ ಹಾಕಿದ್ದು ಇದಕ್ಕೇನಾ?"

ಹೇಳಿ ಸುಮ್ಮನಾಗಲಿಲ್ಲ ನಾನು. ಬುಟ್ಟಿ ಎತ್ತಿ ಬೋರಲು ಹಾಕಿದೆ. ಎಲೆಯೆಲ್ಲ ಸಂತೆಯ ಒದ್ದೆ ನೆಲದ ಮೇಲೆ ಬಿತ್ತು. ಒಂದೆರಡನ್ನ ಚಪ್ಪಲಿ ಕಾಲಲ್ಲಿ ತುಳಿದೆ ಕೂಡ. ನಲವತ್ತು ಜನ ನೋಡ್ತಾ ಇದ್ದರು. ಬಾಳೆಹಣ್ಣು ಸುಟ್ಟು ಮಾರೋ ಯುಪಿನ್ ಮಾತ್ರ, "ಸಾಕು ಬಿಡೇ ಬುಪ್ಫಾ, ನಲವತ್ತಾರು ವರ್ಷದ ಗಂಡಸು ಅವನು, ಎಳೇ ಮಗುವಲ್ಲ" ಅಂದಳು. ಅವಳಿಗೂ ಎರಡು ಅಂದೆ.

ತೋಂಗ್‌ಬಾಯ್ ಮಂಡಿಯೂರಿ ಕೂತು ಎಲೆ ಆರಿಸೋಕೆ ಶುರು ಮಾಡಿದ. ಅವನ ಕಿವಿ ಕೆಂಪಾಗಿದ್ದು ನನಗೆ ಕಾಣಿಸ್ತು. ಆಗ ಅದರಿಂದ ನನಗೆ ಖುಷಿಯೇ ಆಯ್ತು, ಸುಳ್ಳು ಯಾಕೆ ಹೇಳಲಿ.

ಅಷ್ಟಕ್ಕೇ ತಣ್ಣಗಾಗೋ ಜೀವ ಅಲ್ಲ ನಂದು. ಕೊಂಬೆ ಕಡಿದ ಗುರುತು ಹುಡುಕಿ, ನಾಲ್ಕು ಜನರಿಗೆ ತೋರಿಸಿ, ಅವನ ಮಾನ ಪೂರ್ತಿ ಕಳೀತೀನಿ ಅಂತ ಅಲ್ಲಿಂದಲೇ ಆರ್ಕಿಡ್ ತೋಟದ ಕಡೆ ಸ್ಕೂಟರ್ ತಿರುಗಿಸಿದೆ.

ಮರ ಸಿಕ್ತು. ಕಪ್ಪು ನೆರಳುಬಲೆ ಹೊದಿಸಿದ ತೋಟದ ಬೇಲಿಗೆ ತಾಗಿಕೊಂಡೇ ನಿಂತಿತ್ತು. ಸುತ್ತ ಮೂರು ಸಲ ಸುತ್ತಿದೆ. ಕಡಿದಿದ್ದಿಲ್ಲ, ಮುರಿದಿದ್ದಿಲ್ಲ. ನೆಲದ ತುಂಬ ತಾನಾಗಿ ಬಿದ್ದ ಕೆಂಪೆಲೆ, ಊಟದ ತಟ್ಟೆಯಷ್ಟು ಅಗಲ, ಒಂದಕ್ಕೂ ಒಂದು ತೂತಿಲ್ಲ. ಎಷ್ಟು ಚೆನ್ನಾಗಿದೆ ಅಂತ ಬಗ್ಗಿ ಒಂದನ್ನ ಎತ್ತಿಕೊಂಡೆ. ಇನ್ನೊಂದು ಎತ್ತಿಕೊಂಡೆ. ಐದಾರು ಎತ್ತಿಕೊಂಡ ಮೇಲೆ ನನಗೆ ಹೊಳೀತು, ನನ್ನ ಕೈಗೆ ಒಂದು ಇರುವೆಯೂ ಕಚ್ಚಿರಲಿಲ್ಲ. ಕಾಡುಬಾದಾಮಿ ಮರದ ಕೆಳಗೆ ನಿಂತು ಕೆಂಪಿರುವೆ ಕೈಲಿ ಕಚ್ಚಿಸಿಕೊಳ್ಳದೆ ಬಂದೋರು ನಮ್ಮೂರಲ್ಲಿ ಯಾರೂ ಇಲ್ಲ. ತಲೆಯೆತ್ತಿ ನೋಡಿದೆ. ಎಲೆ ಹೊಲಿದು ಕಟ್ಟಿದ ಒಂದು ಇರುವೆಗೂಡೂ ಇಲ್ಲ, ಒಂದು ಕಂಬಳಿಹುಳ ಇಲ್ಲ, ಒಂದು ಜೇಡ ಇಲ್ಲ.

ಬಲೆಯ ಒಳಗಿಂದ ಪಂಪಿನ ಸದ್ದು ಶುರುವಾಯ್ತು. ಮುಖಕ್ಕೆ ಬಟ್ಟೆ ಸುತ್ತಿಕೊಂಡ ಕೂಲಿಯವನು ಪೈಪು ಹಿಡಿದು ಸಾಲಿನ ಉದ್ದಕ್ಕೂ ಬರ್ತಾ ಇದ್ದ. ಬಿಳೀ ಮಂಜು ಬೇಲಿ ದಾಟಿ ಬಂದು ನಿಧಾನಕ್ಕೆ ಮರದ ಮೇಲೆ ಇಳೀತು. ನನ್ನ ತುಟಿ ಕಹಿಯಾಯ್ತು.

"ಅಮ್ಮಾ, ದೂರ ಹೋಗಮ್ಮ! ಹುಳದ ಔಷಧಿ ಇದು!"

"ಈ ಮರಕ್ಕೂ ಹೊಡೀತೀರೇನೋ?"

"ಮರಕ್ಕೆ ನಾನ್ಯಾಕೆ ಹೊಡೀಲಿ? ಗಾಳಿ ಹೊತ್ಕೊಂಡೋಗುತ್ತೆ. ಗಾಳಿಗೆ ಹೋಗಿ ಬೈಯಿ!"

ಗಾಳಿಗೂ ಬೈದೆ, ಅವನಿಗೂ ಬೈದೆ, ಕಾಣದ ತೋಟದ ಧಣಿಗೂ ಬೈದೆ. ಬಾಯಿ ಒಣಗಿದ ಮೇಲೆ ಬೈಯೋಕೆ ಉಳಿದೋಳು ನಾನೊಬ್ಬಳೇ.

ಯಾಕೆ ಗೊತ್ತಾ? ಹಿಂದಿನ ತಿಂಗಳು ಬ್ಯಾಂಕಾಕಿನಿಂದ ಒಬ್ಬ ಗಿರಾಕಿ ಬಂದು ನನ್ನ ತೊಟ್ಟಿಯ ಫೋಟೋ ತೆಗೆದ. ಮೀನು ಅಪ್ಪಟ ಚಿನ್ನ, ಆದರೆ ಈ ತೂತು ಬಿದ್ದ ಎಲೆ ಫೋಟೋದಲ್ಲಿ ಕಸದ ಥರ ಕಾಣುತ್ತೆ ಅಂದ. ಅಷ್ಟು ಸಾಕಾಯ್ತು ನನಗೆ. ತೋಂಗ್‌ಬಾಯ್ ವಿಹಾರದ ಮರದಿಂದ ತಂದ ಮೂರು ಕಟ್ಟನ್ನ ಅವನ ಮುಖದ ಮೇಲೇ ಎಸೆದಿದ್ದೆ. "ಹುಳ ತಿಂದ ಎಂಜಲು ನನ್ನ ತೊಟ್ಟಿಗೆ ಬೇಡ, ತೂತಿಲ್ಲದ್ದು ತಾ" ಅಂದಿದ್ದೆ. "ಅಕ್ಕ, ದೊಡ್ಡಮ್ಮ ತೂತಿರೋದನ್ನೇ ಆರಿಸ್ತಿದ್ದಳು, ಎಲೆ ತಿಂದ ಹುಳ ಬದುಕಿದ್ರೆ ಮೀನೂ ಬದುಕುತ್ತೆ ಅಂತಿದ್ದಳು" ಅಂದಿದ್ದ ಅವನು. "ನಿನ್ನ ದೊಡ್ಡಮ್ಮನ ಕಾಲ ಮುಗೀತು" ಅಂದಿದ್ದೆ ನಾನು. ನನ್ನ ಬಾಯಿಗೆ ಬೆಂಕಿ ಬೀಳ.

ಅಮ್ಮನ ಮೀನು ಕೊಂದಿದ್ದು ನಾನು. ಮರದ ಕೆಳಗೆ ಕೂತು ಹಣೆ ಚಚ್ಚಿಕೊಂಡೆ. ಹಾಗೆ ಚಚ್ಚಿಕೊಳ್ಳುವಾಗಲೇ ನೆನಪಾಯ್ತು, ಹೋದ ವರ್ಷ ಇದೇ ತಳಿಯ ಒಂದು ಜೋಡಿಯನ್ನ ತೋಂಗ್‌ಬಾಯಿಗೆ ಕೊಟ್ಟಿದ್ದೆ. ಗಂಡಿನ ಬಾಲ ಸೊಟ್ಟ, ಹೆಣ್ಣು ಪೀಚಲು. ಬಿಸಾಕೋ ಬದಲು ಇಟ್ಕೋ ಹೋಗು ಅಂದಿದ್ದೆ. ಅವು ಬದುಕಿದ್ದರೆ ತಳಿ ಬದುಕಿದ ಹಾಗೆ.

ಮಧ್ಯಾಹ್ನ ಅವನ ಮನೆಗೆ ಹೋದೆ. ಕಂಬಗಳ ಮೇಲೆ ಎತ್ತಿ ಕಟ್ಟಿದ ಮನೆಯ ಅಡಿಯಲ್ಲಿ ಮಣ್ಣಿನ ಹರವಿಗಳಿದ್ದವು. ಒಂದರ ಚಹಾ ಬಣ್ಣದ ನೀರಲ್ಲಿ, ಜರಡಿಯಂತೆ ತೂತಾದ ಎಲೆಯ ಪಕ್ಕದಲ್ಲಿ, ಆ ಸೊಟ್ಟ ಬಾಲದ ಗಂಡು ಗೂಡು ಕಾಯ್ತಾ ಇತ್ತು. ಪಕ್ಕದ ಹರವಿಯಲ್ಲಿ ಹೆಣ್ಣೂ ಬದುಕಿತ್ತು.

ತೋಂಗ್‌ಬಾಯ್ ಒದ್ದೆ ಎಲೆಗಳನ್ನ ಒಂದೊಂದಾಗಿ ಒರೆಸಿ ಹರಡ್ತಾ ಇದ್ದ. ಏಳಲಿಲ್ಲ, ಕೂತ್ಕೋ ಅನ್ನಲಿಲ್ಲ.

"ನಿನ್ನ ತಪ್ಪಿಲ್ಲ ಕಣೋ. ಆರ್ಕಿಡ್ ತೋಟದ ಔಷಧಿ. ತೂತಿಲ್ಲದ್ದು ಬೇಕೂಂತ ಕುಣಿದೋಳು ನಾನು," ಅಂದೆ. "ಈ ಜೋಡಿ ನನಗೆ ಕೊಡು."

"ಇಲ್ಲಿ ಹೇಳಿದ್ರೆ ಯಾರಿಗೆ ಕೇಳಿಸುತ್ತೆ? ನಾನು, ಈ ನಾಯಿ."

"ಅಂದ್ರೆ?"

"ಕಳ್ಳ ಅಂದಿದ್ದು ಸಂತೇಲಿ. ಇದನ್ನೂ ಅಲ್ಲೇ ಹೇಳು."

ನನಗೆ ನೆತ್ತಿಗೇರಿತು. "ನಿನಗಿಂತ ಹನ್ನೊಂದು ವರ್ಷ ದೊಡ್ಡೋಳು ಕಣೋ ನಾನು! ಎಲ್ಲರೆದುರು ನಿನ್ನ ಮುಂದೆ ತಲೆ ತಗ್ಗಿಸ್ಲಾ?"

"ತಗ್ಗಿಸಬೇಡ. ಮನೆಗೆ ಹೋಗು," ಅಂದು ಎಲೆ ಒರೆಸೋಕೆ ಹತ್ತಿದ.

ಏಳು ದಿನ ಒಳಗೊಳಗೇ ಕುದ್ದೆ. ಅವನ ಮೇಲೆ ಕುದ್ದೆ, ನನ್ನ ಮೇಲೆ ಕುದ್ದೆ, ಖಾಲಿ ಬಾಟಲಿ ತೊಳೆಯುವಾಗ ಎರಡು ಒಡೆದೆ. ಭಾನುವಾರ ಸಂತೆಗೆ ಹೋಗಿ ಅವನ ಬುಟ್ಟಿಯ ಮುಂದೆ ನಿಂತೆ. ಮೆತ್ತಗೆ ಮಾತಾಡೋದು ನನಗೆ ಬರಲ್ಲ. ಹೋದ ವಾರದಷ್ಟೇ ಜೋರಾಗಿ ಕೂಗಿದೆ.

"ಎಲ್ಲ ಕೇಳಿಸಿಕೊಳ್ಳಿ! ತೋಂಗ್‌ಬಾಯ್ ಕಳ್ಳ ಅಲ್ಲ! ಅವನು ತಂದಿದ್ದು ಬಿದ್ದ ಎಲೆಯೇ! ಔಷಧಿ ಕುಡಿದ ಎಲೆ ಕೇಳಿ ತರಿಸಿಕೊಂಡು ಅಮ್ಮನ ಮೀನು ಕೊಂದೋಳು ನಾನು, ಈ ಬುಪ್ಫಾ! ಆರ್ಕಿಡ್ ತೋಟದ ಬೇಲಿ ಮರದ ಎಲೆ ಯಾರೂ ಮುಟ್ಟಬೇಡಿ!"

ಕೈ ಜೋಡಿಸಿ ಹಣೆಗೆ ಒತ್ತಿಕೊಂಡು ಅವನ ಮುಂದೆ ಬಗ್ಗಿದೆ. ಕಿರಿಯರಿಗೆ ಹಿರಿಯರು ಹಾಗೆ ಬಗ್ಗೋದನ್ನ ಆ ಸಂತೆಯಲ್ಲಿ ಯಾರೂ ನೋಡಿರಲಿಲ್ಲ. ಯುಪಿನ್ ಬೀಸಣಿಗೆ ಆಡಿಸೋದನ್ನ ನಿಲ್ಲಿಸಿದಳು. ನನಗೆ ನಾಚಿಕೆಯಿಂದ ಕಣ್ಣು ಉರೀತು.

ತೋಂಗ್‌ಬಾಯ್ ಮೂಟೆಯ ಹಿಂದಿನಿಂದ ಎರಡು ಬಾಟಲಿ ತೆಗೆದ. ಸೊಟ್ಟ ಬಾಲದ ಗಂಡು ಒಂದರಲ್ಲಿ, ಹೆಣ್ಣು ಇನ್ನೊಂದರಲ್ಲಿ; ಒಂದನ್ನೊಂದು ನೋಡಿ ಕಾದಾಡದಿರಲಿ ಅಂತ ನಡುವೆ ರಟ್ಟು ಇಟ್ಟು ಹಗ್ಗ ಕಟ್ಟಿದ್ದ. ನಾನು ಬರ್ತೀನಿ ಅಂತ ಗೊತ್ತಿದ್ದೇ ತಂದಿದ್ದ ಬಡ್ಡೀಮಗ.

"ದೊಡ್ಡಮ್ಮನ ಮೀನು ಉಳೀಲಿ ಅಂತ ಕೊಡ್ತಿದೀನಿ," ಅಂದ. "ನಿನಗಲ್ಲ."

"ಆಯ್ತು ಕಣೋ. ಎರಡು ಕಟ್ಟು ಎಲೆನೂ ಕೊಡು. ವಿಹಾರದ ಮರದ್ದು, ತೂತಿರೋದು."

ಅವನು ನನ್ನ ಹಿಂದೆ ನಿಂತಿದ್ದ ಗಿರಾಕಿಗೆ ಎಲೆ ಕಟ್ಟೋಕೆ ಶುರು ಮಾಡಿದ.

"ನಿನಗೆ ಇನ್ಮೇಲೆ ನಾನು ಎಲೆ ಕೊಡಲ್ಲ, ಬುಪ್ಫಾ. ಹೋಗಿ ನೀನೇ ಆರಿಸ್ಕೋ."

ಹುಟ್ಟಿದಾಗಿನಿಂದ ಅವನು ನನ್ನನ್ನ ಅಕ್ಕ ಅನ್ನದೆ ಕರೆದಿದ್ದು ಅದೇ ಮೊದಲು. ಬಾಟಲಿಗಳನ್ನ ಎದೆಗೆ ಒತ್ತಿಕೊಂಡು, ನೀರು ಅಲುಗದ ಹಾಗೆ ನಡೆದುಕೊಂಡೇ ಮನೆಗೆ ಬಂದೆ.